ತಪ್ಪು ಯಾರದ್ದೂ ಅಲ್ಲ

ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮ್ಮ ಕುಟುಂಬಗಳಲ್ಲಿ ಮಗುವೊಂದು ಕಾಯಿಲೆ ಹೊತ್ತು ಹುಟ್ಟಿದರೆ, 'ಇದು ಯಾರ ಕಡೆಯಿಂದ ಬಂತು?' ಎಂಬ ಪ್ರಶ್ನೆ ಏಳುತ್ತದೆ. ಎಷ್ಟೋ ವೇಳೆ ದೂರು ಸೊಸೆಯ ಮೇಲೆಯೇ ಬೀಳುತ್ತದೆ.

ಇದಕ್ಕೆ ಉತ್ತರವಿತ್ತವರು ಒಬ್ಬ ಧರ್ಮಗುರು. ಆಗಸ್ಟೀನಿಯನ್ ಸಭೆಯ ಗ್ರೆಗರ್ ಮೆಂಡೆಲ್ ಬ್ರನೋ ನಗರದ ತಮ್ಮ ಮಠದ ತೋಟದಲ್ಲಿ ಎತ್ತರದ ಹಾಗೂ ಗಿಡ್ಡ ಬಟಾಣಿ ಗಿಡಗಳನ್ನು ಸಂಕರಗೊಳಿಸಿದರು. ಮೊದಲ ಪೀಳಿಗೆಯೆಲ್ಲ ಎತ್ತರ. ಅದರ ಬೀಜದಿಂದ ಬೆಳೆದ ಮರುಪೀಳಿಗೆಯಲ್ಲಿ 787 ಎತ್ತರ, 277 ಗಿಡ್ಡ. ಗಿಡ್ಡತನ ಅಳಿದಿರಲಿಲ್ಲ, ಅಡಗಿತ್ತು. ಪ್ರತಿ ಗುಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಬರುತ್ತದೆಂಬ ಅವರ ಸಂಶೋಧನೆ 1866ರಲ್ಲಿ ಪ್ರಕಟವಾಯಿತು.

ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯೂ ಹೀಗೆಯೇ. ಆರೋಗ್ಯದಿಂದಿರುವ ಗಂಡಹೆಂಡಿರಿಬ್ಬರಲ್ಲೂ ಅದರ ಅಂಶ ಅಡಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆಯ ಸಂಭವ ನಾಲ್ಕರಲ್ಲೊಂದು. ಇಬ್ಬರಿಂದ ಬಂದುದಕ್ಕೆ ಒಬ್ಬಳನ್ನು ದೂರುವುದು ಅನ್ಯಾಯ. ಹತ್ತಿರದ ರಕ್ತಸಂಬಂಧಿಗಳಲ್ಲಿ ಒಂದೇ ಅಂಶ ಅಡಗಿರುವ ಸಾಧ್ಯತೆ ಹೆಚ್ಚು. ಅಂಥ ವಿವಾಹಕ್ಕೆ ಧರ್ಮಸಭೆಯ ನಿರ್ಬಂಧವೂ ಇದೆ.

ವಿವಾಹಕ್ಕೆ ಮುನ್ನ ವಧೂವರರು ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಹಿರಿಯರು ಅದನ್ನು ಅವಮಾನವೆಂದು ಬಗೆಯದಿರಲಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಪಾಪ ಯಾರದ್ದೆಂದು ಕೇಳಿದಾಗ, ಪ್ರಭು ಯೇಸು ಅವನನ್ನಾಗಲಿ ಅವನ ಹೆತ್ತವರನ್ನಾಗಲಿ ದೂಷಿಸಲಿಲ್ಲ. ನಾವೂ ದೂಷಿಸದಿರೋಣ.