ಅಳತೆಯ ಟೇಪು ಟೇಲರನ ಕೈಯಲ್ಲೇ ಇರಲಿ

ಅಮರಗೋಳದ ತಾಯಂದಿರು ಮತ್ತು ಹೈಸ್ಕೂಲು ಓದುವ ಹೆಣ್ಣುಮಕ್ಕಳ ಹಕ್ಕೊತ್ತಾಯ ಪತ್ರ

ಗೆ,
ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರು, ಧಾರವಾಡ
ಉಪನಿರ್ದೇಶಕರು, ಧಾರವಾಡ ಜಿಲ್ಲೆ
ಕ್ಷೇತ್ರ ಶಿಕ್ಷಣಾಧಿಕಾರಿಗಳು, ಹುಬ್ಬಳ್ಳಿ
ಅಮರಗೋಳ, ನವನಗರ, ಭೈರಿದೇವರಕೊಪ್ಪದ ಶಾಲೆಗಳ ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು

ಮಾನ್ಯರೇ,

ನಮ್ಮಲ್ಲಿ ಹೆಚ್ಚಿನವರು ಬೆಳಗಾಗುತ್ತಲೇ ಮನೆ ಬಿಡುವವರು. ಎಪಿಎಂಸಿ ಯಾರ್ಡಿನಲ್ಲಿ ಉಳ್ಳಾಗಡ್ಡಿ ಹಸನು ಮಾಡುವವರಿದ್ದೇವೆ, ಮೆಣಸಿನಕಾಯಿ ತುಂಬು ಬಿಡಿಸುವವರಿದ್ದೇವೆ, ನವನಗರದ ಮನೆಗಳಲ್ಲಿ ಕೆಲಸ ಮಾಡುವವರಿದ್ದೇವೆ, ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ಅಂಗಡಿಗಳಿಗೆ ಹೋಗುವವರಿದ್ದೇವೆ. ಮಗಳು ಸಾಲಿಗೆ ಹೊರಡುವಾಗ ಅವಳ ಜಡೆ ಸರಿಯಾಗಿದೆಯೇ, ವೇಲಿಗೆ ಪಿನ್ನು ಹಾಕಿದ್ದಾಳೆಯೇ ಎಂದು ನೋಡಲು ನಾವು ಮನೆಯಲ್ಲಿರುವುದಿಲ್ಲ. ಅದನ್ನು ನೋಡುವ ಕೆಲಸವನ್ನು ಶಾಲೆ ವಹಿಸಿಕೊಂಡಿದೆ. ಹೇಗೆ ವಹಿಸಿಕೊಂಡಿದೆ ಎಂಬುದೇ ಈ ಪತ್ರದ ವಿಷಯ.

ಈ ಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ ನನ್ನ ಮನೆಯ ಸಂಗತಿಯನ್ನೇ ಮೊದಲು ಹೇಳುತ್ತೇನೆ. ಮಗಳು ಒಂಬತ್ತನೇ ತರಗತಿಯಲ್ಲಿದ್ದಳು. ಸಂಕ್ರಮಣ ಮುಗಿದ ವಾರ. ಪ್ರಾರ್ಥನೆಯ ಸಾಲಿನಿಂದ ಅವಳನ್ನು ಮುಂದೆ ಕರೆದು, ಇಡೀ ಶಾಲೆ ನೋಡುತ್ತಿರುವಾಗ ಒಬ್ಬರು ಕೇಳಿದರು: "ಇಷ್ಟು ಬಿಗಿ ಹಾಕ್ಕೊಂಡು ಯಾರಿಗೆ ತೋರ್ಸಾಕ ಬಂದಿ?" ಮನೆಗೆ ಬಂದವಳು ಏನೂ ಹೇಳಲಿಲ್ಲ. ಮರುದಿನದಿಂದ ಹೊಟ್ಟೆನೋವು ಎಂದು ಮೂರು ದಿನ ಮಲಗಿದಳು. ಪಕ್ಕದ ಮನೆಯ ಹುಡುಗಿ ಹೇಳಿದಾಗಲೇ ನನಗೆ ಗೊತ್ತಾದದ್ದು. ಆಗ ನಾನು ಮಗಳನ್ನು ಕೇಳಿದ ಮೊದಲ ಪ್ರಶ್ನೆ, "ನೀ ಏನ್ ಹಾಕ್ಕೊಂಡ್ ಹೋಗಿದ್ದಿ?" ಎಂದು. ಅವಳು ಎದ್ದು ಹೋಗಿ ಅದೇ ಕಮೀಜನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಜೂನಿನಲ್ಲಿ ನಾನೇ ಹೊಲಿಸಿದ ಸಮವಸ್ತ್ರ ಅದು. ಏಳು ತಿಂಗಳಲ್ಲಿ ಮಗು ಬೆಳೆದಿತ್ತು, ಬಟ್ಟೆ ಬೆಳೆದಿರಲಿಲ್ಲ.

ಓಣಿಯ ತಾಯಂದಿರು ಕೂಡಿ ಮಾತಾಡಿದಾಗ ಇಂಥ ಕಥೆ ಇಲ್ಲದ ಮನೆಯೇ ಸಿಗಲಿಲ್ಲ. ಯಾವ ಶಾಲೆ, ಯಾವ ಶಿಕ್ಷಕರು ಎಂದು ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ತೆಗೆದುಹಾಕಿಸಿದರೆ ಮುಗಿಯುವ ರೋಗವಲ್ಲ ಇದು. ಸಮವಸ್ತ್ರ ಬೇಕು ಎನ್ನುವವರಲ್ಲಿ ನಾವೇ ಮೊದಲಿಗರು. ಬಡವರ ಮಗು, ಶ್ರೀಮಂತರ ಮಗು ಒಂದೇ ಬಣ್ಣದಲ್ಲಿ ಕೂರಬೇಕು ಎಂಬುದು ನಮಗೇ ಹೆಚ್ಚು ಬೇಕಾದದ್ದು. ನಮ್ಮ ಒತ್ತಾಯಗಳು ಇವು.

1. ಬಟ್ಟೆಯ ಬಗ್ಗೆ ಮಾತಾಡಿ, ಮಗುವಿನ ಮೈ ಬಗ್ಗೆ ಮಾತಾಡಬೇಡಿ. "ನಾಳೆ ವೇಲ್ ಹಾಕ್ಕೊಂಡ್ ಬಾ" ಎನ್ನುವುದು ಸೂಚನೆ. "ಯಾರಿಗೆ ತೋರಿಸಲು", "ದೊಡ್ಡವಳಾಗಿದ್ದೀ, ನಾಚಿಕೆ ಇಲ್ಲವೇ", "ನಿಮ್ಮ ಮನೆಯಲ್ಲಿ ಹೇಳುವವರಿಲ್ಲವೇ" ಎನ್ನುವುದು ಅವಮಾನ. ಇಂಥ ಮಾತುಗಳನ್ನು ಆಡಬಾರದೆಂದು ಪ್ರತಿ ಶಾಲೆಗೂ ಲಿಖಿತ ಸುತ್ತೋಲೆ ಹೋಗಬೇಕು. ಇದು ದಾಕ್ಷಿಣ್ಯಕ್ಕೆ ಕೇಳುತ್ತಿರುವುದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯ್ದೆ 14 ವರ್ಷದವರೆಗಿನ ಮಕ್ಕಳಿಗೆ ಎನ್ನುವವರು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಓದಿ ನೋಡಲಿ. ಮಗುವನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ಮಾನಸಿಕ ಯಾತನೆ ಕೊಡುವುದು ಅಪರಾಧವೆಂದು ಅದು ಹೇಳುತ್ತದೆ. ಅಲ್ಲಿ ಮಗು ಎಂದರೆ 18 ತುಂಬದ ಪ್ರತಿಯೊಬ್ಬರೂ. ಇನ್ನು ಆ ಮಾತಿನಲ್ಲಿ ಕೆಟ್ಟ ಉದ್ದೇಶವೇ ಇದ್ದರೆ ಅದು ಪೋಕ್ಸೊ ಕಾಯ್ದೆಯ ಲೈಂಗಿಕ ಕಿರುಕುಳ. ಗೊತ್ತಿದ್ದೂ ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರೂ ಆ ಕಾಯ್ದೆಯಡಿ ಶಿಕ್ಷೆಗೆ ಒಳಗಾಗುತ್ತಾರೆ.

2. ಪ್ರಾರ್ಥನೆಯ ಸಾಲು ವಿಚಾರಣೆಯ ಜಾಗ ಆಗಬಾರದು. ಸಮವಸ್ತ್ರದಲ್ಲಿ ಕೊರತೆ ಕಂಡರೆ ಮಗುವನ್ನು ಒಬ್ಬಳೇ ಇದ್ದಾಗ, ಶಿಕ್ಷಕಿಯೊಬ್ಬರು, ಮೆಲ್ಲಗೆ ಕೇಳಬೇಕು. ಆಮೇಲೆ ಮನೆಗೆ ಫೋನು ಮಾಡಬೇಕು. ತರಗತಿಯಿಂದ ಹೊರಗೆ ನಿಲ್ಲಿಸುವುದು, ಮೈದಾನ ಸುತ್ತಿಸುವುದು, ಬೆರಳಿನಿಂದ ಬಟ್ಟೆ ಎಳೆದು ತೋರಿಸುವುದು, ಫೋಟೋ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವುದು, ಇವೆಲ್ಲ ಇವತ್ತೇ ನಿಲ್ಲಬೇಕು. ವೇಲ್ ಮರೆತ ಕಾರಣಕ್ಕೆ ಒಂದು ಗಣಿತದ ಪಾಠ ತಪ್ಪಿದರೆ ಆ ಪಾಠವನ್ನು ಮನೆಯಲ್ಲಿ ಹೇಳಿಕೊಡುವಷ್ಟು ಓದಿದವರು ನಮ್ಮಲ್ಲಿ ಬಹಳ ಮಂದಿ ಇಲ್ಲ.

3. ಬೆಳೆಯುವ ಮಗುವಿಗೆ ಬೆಳೆಯುವ ಬಟ್ಟೆ ಕೊಡಿ. ಈ ಒತ್ತಾಯದ ಮೇಲೆ ನಾವು ಹೆಚ್ಚು ಭಾರ ಹಾಕುತ್ತೇವೆ. ಬಿಗಿ ಬಟ್ಟೆಗೆ ಬೈಸಿಕೊಳ್ಳುವ ಹುಡುಗಿಯರ ಹೆಸರು ಒಂದು ಹಾಳೆಯಲ್ಲಿ ಬರೆದು ನೋಡಿದೆವು. ಅದು ನಮ್ಮ ಓಣಿಗಳ ಅತಿ ಬಡ ಮನೆಗಳ ಪಟ್ಟಿಯೇ ಆಗಿತ್ತು. ಹಣ ಇರುವವರ ಮಗಳು ಡಿಸೆಂಬರಿನಲ್ಲಿ ಹೊಸದು ಹೊಲಿಸಿಕೊಳ್ಳುತ್ತಾಳೆ. ಇಲ್ಲದವರ ಮಗಳು ಅಕ್ಕ ಬಿಟ್ಟದ್ದನ್ನೋ ಹೋದ ವರ್ಷದ್ದನ್ನೋ ಹಾಕಿಕೊಂಡು ಬರುತ್ತಾಳೆ. ಅವಳ ಬಡತನವನ್ನು ಅವಳ ನಡತೆ ಎಂದು ಓದಲಾಗುತ್ತಿದೆ.

ವಿದ್ಯಾ ವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಎಂಟರಿಂದ ಹತ್ತನೇ ತರಗತಿಯ ಹುಡುಗಿಯರಿಗೆ ಚೂಡಿದಾರದ ಬಟ್ಟೆ ಕೊಡುತ್ತೀರಿ. ಅದಕ್ಕೆ ನಾವು ಕೃತಜ್ಞರು. ಹೊಲಿಸುವ ಖರ್ಚು ಮಾತ್ರ ನಮ್ಮ ತಲೆಯ ಮೇಲೆ ಬರುತ್ತದೆ. ಎರಡು ಜೊತೆ ಹೊಲಿಸಲು ಎಷ್ಟು ದಿನದ ಕೂಲಿ ಹೋಗುತ್ತದೆಂದು ಯಾರ್ಡಿನಲ್ಲಿ ದುಡಿಯುವ ಯಾವ ಹೆಂಗಸನ್ನಾದರೂ ಕೇಳಿ. ಆದ್ದರಿಂದ ಹೊಲಿಗೆಯ ದುಡ್ಡನ್ನೂ ಬಟ್ಟೆಯ ಜೊತೆಗೇ ಕೊಡಬೇಕು. ಹದಿಮೂರು ದಾಟಿದ ಹುಡುಗಿಯರಿಗೆ ಅಳತೆಗಿಂತ ಹೆಚ್ಚು ಬಟ್ಟೆ ಕೊಟ್ಟು, ಒಳಗೆ ಎರಡು ಬೆರಳು ಮಡಿಕೆ ಬಿಟ್ಟು ಹೊಲಿಯಲು ಟೇಲರುಗಳಿಗೆ ಹೇಳಬೇಕು. ಆ ಮಡಿಕೆ ಬಿಚ್ಚಿದರೆ ಒಂದು ವರ್ಷ ದಾಟುತ್ತದೆ. ದಸರಾ ರಜೆ ಮುಗಿದ ಮೇಲೆ ಇನ್ನೊಮ್ಮೆ ಅಳತೆ ತೆಗೆದು, ಸಾಲದವರಿಗೆ ಮತ್ತೊಂದು ಜೊತೆ ಕೊಡಬೇಕು. ಹತ್ತನೇ ತರಗತಿ ಮುಗಿಸಿ ಹೋಗುವವರ ಬಟ್ಟೆಯನ್ನು ತೊಳೆದು ಮಡಿಚಿಟ್ಟುಕೊಳ್ಳಲು ಶಾಲೆಯಲ್ಲಿ ಒಂದು ಕಪಾಟು ಇರಲಿ. ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುವ ಮಕ್ಕಳಿಗೆ ಎರಡು ಜೊತೆ ಸಮವಸ್ತ್ರ, ಶೂ, ಕಾಲುಚೀಲ ಕೊಡಲೇಬೇಕೆಂದು 2019ರಲ್ಲಿ ಹೈಕೋರ್ಟು ಸರ್ಕಾರಕ್ಕೆ ಹೇಳಿತು. ಕೊಪ್ಪಳದ ಒಬ್ಬ ಬಾಲಕ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ ಬಂದ ತೀರ್ಪು ಅದು. ಒಂಬತ್ತು, ಹತ್ತನೇ ತರಗತಿಯ ಹುಡುಗಿಯರಿಗೂ ಅದೇ ನ್ಯಾಯ ಸಿಗಲಿ.

4. ಗೇಟಿನಲ್ಲಿ ಯಾವ ಮಗುವಿನ ಮೈಮೇಲಿನ ಬಟ್ಟೆಯನ್ನೂ ತೆಗೆಸಬಾರದು. ಹಿಜಾಬಿನ ವಿಷಯ ಎತ್ತದೆ ಕರ್ನಾಟಕದಲ್ಲಿ ಈ ಮಾತು ಪೂರ್ತಿಯಾಗುವುದಿಲ್ಲ. ಅಮರಗೋಳದಲ್ಲಿ ಎರಡೂ ಸಮುದಾಯದ ತಾಯಂದಿರು ಒಂದೇ ನಳದ ಹತ್ತಿರ ಕೊಡ ಇಟ್ಟು ಕಾಯುವವರು. ಸಮವಸ್ತ್ರದ ಜೊತೆ ಹಿಜಾಬು ಇರಬೇಕೋ ಬೇಡವೋ ಎಂಬ ಬಗ್ಗೆ ನಮ್ಮಲ್ಲೂ ಎರಡು ಅಭಿಪ್ರಾಯಗಳಿವೆ. ಸಮವಸ್ತ್ರ ಕಡ್ಡಾಯಗೊಳಿಸಿದ 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ಮಾರ್ಚ್ 15ರಂದು ಹೈಕೋರ್ಟು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಆದರೆ ಅದೇ ವರ್ಷ ಫೆಬ್ರವರಿ 14ರಂದು ಶಾಲೆಗಳು ಮತ್ತೆ ತೆರೆದಾಗ ಮಂಡ್ಯದ ಒಂದು ಶಾಲೆಯ ಗೇಟಿನಲ್ಲಿ ಕ್ಯಾಮೆರಾಗಳ ಎದುರಿಗೇ ಮಕ್ಕಳಿಂದ ಹಿಜಾಬು ತೆಗೆಸಿದ ದೃಶ್ಯವನ್ನು ಟಿವಿಯಲ್ಲಿ ನೋಡಿದಾಗ ನಮ್ಮಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ಕುಂಕುಮ ಇಟ್ಟ ಹೆಂಗಸರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ತಮ್ಮ ತೀರ್ಪಿನಲ್ಲಿ ಬರೆದದ್ದೂ ಅದನ್ನೇ: ಶಾಲೆಯ ಗೇಟಿನಲ್ಲಿ ಹುಡುಗಿಗೆ ಅದನ್ನು ತೆಗೆ ಎನ್ನುವುದು ಅವಳ ಖಾಸಗಿತನದ ಮೇಲೆ, ಘನತೆಯ ಮೇಲೆ ಮಾಡುವ ದಾಳಿ. ನಿಯಮ ಏನೇ ಇರಲಿ, ಗೇಟಿನಲ್ಲಿ ಮಗುವನ್ನು ತಡೆಯುವ ಅಧಿಕಾರ ಯಾರಿಗೂ ಇರಬಾರದು. ಮಗು ಒಳಗೆ ಬರಲಿ, ಕೂರಲಿ, ಆಮೇಲೆ ಅವಳ ಮನೆಯವರೊಂದಿಗೆ ಮಾತಾಡಿ.

5. ಆಟದ ಹೊತ್ತಿನಲ್ಲಿ ವೇಲ್ ಕಡ್ಡಾಯ ಬೇಡ. ವೇಲಿಗೆ ಎರಡೂ ಭುಜದಲ್ಲಿ ಪಿನ್ನು ಚುಚ್ಚಿಕೊಂಡು ಖೋ ಖೋ ಆಡಲಾಗುವುದಿಲ್ಲ. ಅದಕ್ಕೇ ಎಂಟನೇ ತರಗತಿಗೆ ಬರುತ್ತಲೇ ನಮ್ಮ ಹುಡುಗಿಯರು ಮೈದಾನದ ಅಂಚಿನಲ್ಲಿ ಕೂತು ಚಪ್ಪಾಳೆ ತಟ್ಟುವವರಾಗುತ್ತಾರೆ. ಪಿಟಿ ಇರುವ ದಿನ ಟ್ರ್ಯಾಕ್ ಪ್ಯಾಂಟು, ಸಡಿಲ ಟೀ ಶರ್ಟು ಹಾಕಲು ಬಿಡಿ. 2021ರ ಡಿಸೆಂಬರಿನಲ್ಲಿ ಕೇರಳದ ಬಾಲುಶೇರಿಯ ಸರ್ಕಾರಿ ಶಾಲೆ ಹುಡುಗರಿಗೂ ಹುಡುಗಿಯರಿಗೂ ಒಂದೇ ತರಹದ ಪ್ಯಾಂಟು, ಶರ್ಟು ತಂದಿತು. ನಾವು ಅಷ್ಟು ದೂರ ಹೋಗಿ ಎನ್ನುತ್ತಿಲ್ಲ. ಓಡುವ ಮಗುವಿಗೆ ಓಡುವ ಬಟ್ಟೆ ಕೊಡಿ.

6. ಬಿಳಿ ಸಮವಸ್ತ್ರ ಬೇಡ. ಯಾಕೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಡಸರಿಗೆ ಹೇಳುತ್ತೇವೆ: ಮುಟ್ಟಿನ ದಿನ ಕಲೆಯಾದರೆ ಎಂಬ ಹೆದರಿಕೆಯಲ್ಲಿ ಮಗು ಬೆಂಚಿನಿಂದ ಏಳುವುದಿಲ್ಲ, ಗೊತ್ತಿರುವ ಉತ್ತರಕ್ಕೂ ಕೈ ಎತ್ತುವುದಿಲ್ಲ. ಕೆಳಗಿನ ಉಡುಪು ಗಾಢ ಬಣ್ಣದ್ದಾಗಿರಲಿ. ಶುಚಿ ಯೋಜನೆಯ ಪ್ಯಾಡುಗಳು ತಿಂಗಳು ತಪ್ಪದೆ ಬರಲಿ. ಬದಲಿಗೆ ಹಾಕಿಕೊಳ್ಳಲು ಒಂದು ಪ್ಯಾಂಟು ಶಿಕ್ಷಕಿಯರ ಕೋಣೆಯಲ್ಲಿರಲಿ.

7. ನಿಯಮ ಬರಹದಲ್ಲಿರಲಿ, ಹುಡುಗರಿಗೂ ಹುಡುಗಿಯರಿಗೂ ಒಂದೇ ತೂಕದ್ದಿರಲಿ. ಈಗ ನಿಯಮ ಎಂಬುದು ಅವತ್ತಿನ ದಿನ ಗೇಟಿನಲ್ಲಿ ನಿಂತವರ ಮನಸ್ಸಿನಲ್ಲಿದೆ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳ 11ನೇ ನಿಯಮದ ಪ್ರಕಾರ ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ಈ ನಿಯಮವನ್ನು ಖಾಸಗಿ ಶಾಲೆಗಳ ಸೂಚನಾ ಫಲಕದಲ್ಲಿ ಹಚ್ಚಬೇಕು. ನಿಯಮ ಬರೆಯುವಾಗ ಹುಡುಗಿಯರನ್ನೂ ಕೂರಿಸಿಕೊಳ್ಳಿ. ಎಸ್‌ಡಿಎಂಸಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದು ಕಾನೂನೇ ಹೇಳುತ್ತದೆ. ಆ ಹೆಂಗಸರ ಕೆಲಸ ರುಜು ಹಾಕಿ ಎದ್ದು ಬರುವುದಷ್ಟೇ ಆಗದಿರಲಿ. ಒಳ ಉಡುಪಿನ ಬಣ್ಣವನ್ನೂ ಗೊತ್ತುಮಾಡುತ್ತಿದ್ದ ಜಪಾನಿನ ಟೋಕಿಯೊದ ಸರ್ಕಾರಿ ಹೈಸ್ಕೂಲುಗಳು 2022ರ ಏಪ್ರಿಲಿನಿಂದ ಆ ನಿಯಮ ಕೈಬಿಟ್ಟವು. ಬರೆದ ನಿಯಮವಾಗಿದ್ದರಿಂದಲೇ ಅದನ್ನು ಓದಿ, ತಪ್ಪೆಂದು ಹೇಳಿ, ಹೊಡೆದುಹಾಕಲು ಸಾಧ್ಯವಾಯಿತು.

8. "ಹುಡುಗರ ಗಮನ ಹಾಳಾಗುತ್ತದೆ" ಎಂಬ ಮಾತನ್ನು ಶಾಲೆಯ ಒಳಗೆ ಆಡುವುದು ನಿಲ್ಲಲಿ. ಹುಡುಗರ ಕಣ್ಣಿಗೆ ಹುಡುಗಿಯರು ಹೊಣೆ ಅಲ್ಲ. ಹುಡುಗರನ್ನು ಹೆತ್ತವರೂ ನಾವೇ. ಅವರನ್ನು ಅಷ್ಟು ಕೈಲಾಗದವರು ಎಂದು ತಿಳಿದರೆ ನಮಗೆ ನೋವಾಗುತ್ತದೆ. ಬಟ್ಟೆ ಸರಿ ಇದ್ದರೆ ಹೆಣ್ಣುಮಗು ಸುರಕ್ಷಿತ ಎಂದು ಹೇಳುವವರು ನಮ್ಮ ಹುಬ್ಬಳ್ಳಿಯನ್ನೇ ನೋಡಲಿ. 2024ರ ಏಪ್ರಿಲ್ 18ರಂದು ಕಾಲೇಜಿನ ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಇರಿದು ಕೊಂದರು. ಮೇ 15ರಂದು ಇನ್ನೊಬ್ಬ ಯುವತಿಯನ್ನು ಅವಳ ಮನೆಯೊಳಗೇ ಕೊಂದರು. ಮರುವರ್ಷ ಏಪ್ರಿಲಿನಲ್ಲಿ ಕೊಲೆಯಾದದ್ದು ಐದು ವರ್ಷದ ಕೂಸು. ಈ ಮೂವರ ಬಟ್ಟೆಯ ಬಗ್ಗೆ ಯಾರು ಏನು ಹೇಳುತ್ತೀರಿ? ಆ ಎರಡು ವರ್ಷ ನಮ್ಮ ಮನೆಗಳಲ್ಲಿ ಹುಡುಗಿಯರ ಮೇಲೆ ಕಟ್ಟುಪಾಡು ಹೆಚ್ಚಾಯಿತು. ಹುಡುಗರನ್ನು ಕೂರಿಸಿ ಮಾತಾಡಿದ ಶಾಲೆ ಯಾವುದು ಎಂದು ನಾವು ಕೇಳುತ್ತಿದ್ದೇವೆ. ತಿಂಗಳಿಗೆ ಒಂದು ಅವಧಿ ಅದಕ್ಕೇ ಮೀಸಲಿಡಿ.

9. ಹುಡುಗಿಯ ಮಾತು ಕೇಳಿ. ಕಲ್ಯಾಣದಲ್ಲಿ ಅಕ್ಕಮಹಾದೇವಿಯನ್ನೂ ಉಡುಗೆಯ ಬಗ್ಗೆ ಪ್ರಶ್ನಿಸಿದ್ದರು. ಕೇಳಿದವರು ಅಲ್ಲಮಪ್ರಭುಗಳು, ತುಂಬಿದ ಅನುಭವ ಮಂಟಪದಲ್ಲಿ. ಆದರೆ ಕೇಳಿದ ಮೇಲೆ ಅವಳ ಉತ್ತರ ಮುಗಿಯುವವರೆಗೆ ಕೂತು ಕೇಳಿದರು, ಕೇಳಿ ತಲೆಬಾಗಿದರು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದ್ದ ಈ ನಡವಳಿಕೆ ಇವತ್ತಿನ ಶಾಲೆಯಲ್ಲಿ "ಎದುರು ಮಾತಾಡ್ತೀಯಾ?" ಎನ್ನುವಲ್ಲಿಗೆ ಬಂದು ನಿಂತಿದೆ. ಪ್ರತಿ ಶಾಲೆಯಲ್ಲಿ ದೂರಿನ ಪೆಟ್ಟಿಗೆ ಇರಬೇಕು. ಅದರ ಕೀಲಿ ಮುಖ್ಯೋಪಾಧ್ಯಾಯರೊಬ್ಬರ ಕೈಯಲ್ಲಿ ಇರಬಾರದು, ಒಬ್ಬ ತಾಯಿಯ ಎದುರಿಗೇ ತೆರೆಯಬೇಕು. ಎಂಟು ದಿನದೊಳಗೆ ಉತ್ತರ ಬರಬೇಕು. ದೂರು ಕೊಟ್ಟವಳ ಆಂತರಿಕ ಅಂಕಕ್ಕೆ ಕೈ ಹಾಕಬಾರದು. ಮಕ್ಕಳ ಸಹಾಯವಾಣಿ 1098 ಪ್ರತಿ ತರಗತಿಯ ಗೋಡೆಯ ಮೇಲೆ ಬರೆದಿರಲಿ.

10. ಪರೀಕ್ಷೆಯ ತಪಾಸಣೆ ಮಹಿಳೆಯರಿಂದ, ಪರದೆಯ ಹಿಂದೆ, ಬಟ್ಟೆ ಬಿಚ್ಚಿಸದೆ ನಡೆಯಲಿ. 2022ರ ಜುಲೈನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ನೀಟ್ ಕೇಂದ್ರದಲ್ಲಿ ಹುಡುಗಿಯರ ಒಳ ಉಡುಪು ತೆಗೆಸಿದ್ದು ಪೊಲೀಸು ಕೇಸಾಯಿತು, ಅವರಿಗೆ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಕೊಡಬೇಕಾಯಿತು.

11. ಶಿಕ್ಷಕಿಯರ ಮೇಲೂ ಸೀರೆಯ ಒತ್ತಡ ಬೇಡ. ತಾವೇ ಬೈಸಿಕೊಂಡವರು ಮಕ್ಕಳನ್ನು ಬೈಯುತ್ತಾರೆ. ಶಿಕ್ಷಕಿಯರಿಗೆ ಸೀರೆ ಕಡ್ಡಾಯವಲ್ಲವೆಂದು ಕೇರಳ ಸರ್ಕಾರ 2021ರ ನವೆಂಬರಿನಲ್ಲಿ ಆದೇಶ ಹೊರಡಿಸಿತು, ನಮ್ಮ ಇಲಾಖೆಯೂ ಹಾಗೇ ಸ್ಪಷ್ಟವಾಗಿ ಹೇಳಲಿ. ತಮ್ಮ ಕೈಯಿಂದ ದುಡ್ಡು ಹಾಕಿ ಮಕ್ಕಳಿಗೆ ಬಟ್ಟೆ ಕೊಡಿಸಿದ ಅಕ್ಕೋರು ನಮ್ಮ ಶಾಲೆಗಳಲ್ಲೇ ಇದ್ದಾರೆ. ಈ ಪತ್ರ ಅವರ ವಿರುದ್ಧ ಅಲ್ಲ, ಅವರ ಪರವಾಗಿಯೂ ಇದೆ.

12. ಕೊನೆಯದು ನಮಗೆ ನಾವೇ ಹಾಕಿಕೊಂಡ ಕಟ್ಟಳೆ. ಮಗಳು ಅಳುತ್ತ ಮನೆಗೆ ಬಂದರೆ "ಏನು ಹಾಕಿಕೊಂಡಿದ್ದೆ" ಎಂದು ಕೇಳುವುದಿಲ್ಲ. "ಯಾರು ಏನಂದರು" ಎಂದು ಕೇಳುತ್ತೇವೆ. ಬೇರೆಯವರ ಮಗಳ ಬಟ್ಟೆಯ ಬಗ್ಗೆ ನಳದ ಹತ್ತಿರ ಮಾತಾಡುವುದಿಲ್ಲ. ಇದಕ್ಕೆ ಎಲ್ಲರೂ ಹೆಬ್ಬೆಟ್ಟು, ರುಜು ಹಾಕಿದ್ದೇವೆ.

ಮೇ ಕೊನೆಗೆ ಶಾಲೆಗಳು ತೆರೆಯುತ್ತವೆ. ಅದಕ್ಕೆ ಮೊದಲು ಲಿಖಿತ ಉತ್ತರ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಮೊದಲ ದಿನ ನಾವು ಅರ್ಧ ದಿನದ ಕೂಲಿ ಬಿಟ್ಟು ಮಕ್ಕಳ ಜೊತೆ ಬಂದು ಗೇಟಿನ ಹತ್ತಿರ ನಿಂತಿರುತ್ತೇವೆ.

ಇಂತಿ,
ಅಮರಗೋಳದ ತಾಯಂದಿರು ಮತ್ತು ಹೆಣ್ಣುಮಕ್ಕಳು