ಕಾಯಿಸಿದರೆ ಒಡೆಯುವ ಲೋಹ ಮತ್ತು ನಮ್ಮ ಟ್ರಾನ್ಸ್‌ಫಾರ್ಮರ್‌ಗಳು

ಅಮೆರಿಕದ ಇಂಧನ ಇಲಾಖೆ 2022ರ ಕೊನೆಗೆ ಒಂದು ಪ್ರಸ್ತಾಪ ಮುಂದಿಟ್ಟಿತು. ವಿತರಣಾ ಟ್ರಾನ್ಸ್‌ಫಾರ್ಮರ್‌ಗಳ ಕೋರ್‌ನಲ್ಲಿ ಸಿಲಿಕಾನ್ ಉಕ್ಕು ಹೋಗಿ ಬಹುತೇಕ ಎಲ್ಲೆಡೆ ಅಮಾರ್ಫಸ್ ಲೋಹ ಬರಬೇಕು ಅಂತ. ಉಕ್ಕಿನ ಕಡೆಯವರು ತಿರುಗಿಬಿದ್ದರು. 2024ರ ಏಪ್ರಿಲ್‌ನ ಅಂತಿಮ ನಿಯಮದಲ್ಲಿ ಮಾರುಕಟ್ಟೆಯ ಸುಮಾರು ಮುಕ್ಕಾಲು ಪಾಲು ಹಳೇ ಉಕ್ಕಿಗೇ ಉಳಿಯಿತು. ಉದ್ಯೋಗ, ಪೂರೈಕೆಯ ಜಗಳ ಸರಿ. ಆದರೆ ಈ ಲೋಹದ ಸ್ವಭಾವದಲ್ಲೇ ಒಂದು ತಕರಾರಿದೆ.

ಕರಗಿದ ಲೋಹವನ್ನು ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯಷ್ಟು ವೇಗದಲ್ಲಿ ತಣಿಸಿದರೆ ಪರಮಾಣುಗಳಿಗೆ ಸಾಲಾಗಿ ಕೂರಲು ಸಮಯವೇ ಸಿಗಲ್ಲ, ಗಾಜಿನ ಹಾಗೆ ಅಡ್ಡಾದಿಡ್ಡಿ ಗಟ್ಟಿಯಾಗುತ್ತವೆ. 1960ರಲ್ಲಿ ಕ್ಯಾಲ್‌ಟೆಕ್‌ನ ಪೋಲ್ ಡುವೇ ತಂಡ ಚಿನ್ನ-ಸಿಲಿಕಾನ್ ಮಿಶ್ರಣದಲ್ಲಿ ಇದನ್ನು ತೋರಿಸಿತು. ಕಬ್ಬಿಣದ ಇಂಥ ರಿಬ್ಬನ್ ದಪ್ಪ ಬರೀ 25 ಮೈಕ್ರಾನ್ ಆಸುಪಾಸು. ಲೋಡ್ ಇಲ್ಲದ ರಾತ್ರಿಯಲ್ಲೂ ಕೋರ್ ತಿನ್ನುವ ಕರೆಂಟು ಇದರಿಂದ ಸುಮಾರು 60-70% ಇಳಿಯುತ್ತೆ.

ಈ ಲಾಭ ಪೂರ್ತಿ ಸಿಗಬೇಕಾದರೆ ರಿಬ್ಬನ್ ಸುತ್ತಿ, ಕುಲುಮೆಯಲ್ಲಿ ಕಾಯಿಸಿ ಒಳಗಿನ ಒತ್ತಡ ಇಳಿಸಬೇಕು. ಮೆಕ್ಯಾನಿಕಲ್ ಓದಿದವರಿಗೆ ಅನೀಲಿಂಗ್ ಅಂದ್ರೆ ಲೋಹ ಮೆತ್ತಗಾಗೋದು. ಇಲ್ಲಿ ಉಲ್ಟಾ! ಪರಮಾಣುಗಳ ನಡುವಿನ ಖಾಲಿ ಜಾಗ ಕುಗ್ಗಿ, ಬಾಗುತ್ತಿದ್ದ ರಿಬ್ಬನ್ ಪಟ್ಟನೆ ಮುರಿಯುತ್ತೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಯು. ರಾಮಮೂರ್ತಿ ಅವರ ತಂಡ ಜಿರ್ಕೋನಿಯಂ ಗಾಜುಲೋಹದಲ್ಲಿ ಇದೇ ಪೆಡಸುತನವನ್ನು 2005ರಲ್ಲೇ ಅಳೆದು ಪ್ರಕಟಿಸಿತ್ತು.

ಹಾಗಾದ್ರೆ ದಾರಿ? ಗಾಜಾಗುವ ತಾಪಮಾನ ದಾಟಿಸಿ ಮತ್ತೆ ಬೇಗ ತಣಿಸೋದು ಒಂದು. ಇನ್ನೊಂದು ನಿಜಕ್ಕೂ ಸೊಗಸಾಗಿದೆ. ದ್ರವ ಸಾರಜನಕದಲ್ಲಿ ಅದ್ದು, ಕೋಣೆಯ ಬಿಸಿಗೆ ತಾ, ಮತ್ತೆ ಅದ್ದು. ಒಳಗಿನ ರಚನೆ ಎಲ್ಲೆಡೆ ಒಂದೇ ಥರ ಇಲ್ಲದ್ದರಿಂದ ಒಂದು ಭಾಗ ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿ, ಆ ಜಗ್ಗಾಟದಲ್ಲಿ ಲೋಹ ಮತ್ತೆ ಸ್ವಲ್ಪ ಬಾಗುವ ಗುಣ ಪಡೆಯುತ್ತೆ. 2015ರಲ್ಲಿ 'ನೇಚರ್'ನಲ್ಲಿ ಬಂದ ಕೆಲಸ ಇದು. ಆದರೆ ಸಡಿಲಿಸಿ ಗಳಿಸಿದ ಕಾಂತೀಯ ಲಾಭವನ್ನು ಇದು ಎಷ್ಟು ಕಸಿಯುತ್ತೆ ಅನ್ನೋ ಲೆಕ್ಕ ಮಾಡದೆ ಕಾರ್ಖಾನೆಗೆ ತರೋದು ಅವಸರ.

ಭಾರತದಲ್ಲಿ ಅಮಾರ್ಫಸ್ ಕೋರ್ ಟ್ರಾನ್ಸ್‌ಫಾರ್ಮರ್‌ಗಳು ಈಗಾಗಲೇ ಕಂಬ ಏರಿವೆ. ಪಂಪ್‌ಸೆಟ್ ಹೊರೆಗೆ ಟಿಸಿ ಸುಟ್ಟುಹೋಗೋದು ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ. ಸುಟ್ಟ ಕಾಯಿಲ್ ಬದಲಿಸಲು ಕೋರ್ ಬಿಚ್ಚಿದರೆ ಉಕ್ಕು ತಾಳಿಕೊಳ್ಳುತ್ತೆ, ಕಾಯಿಸಿದ ರಿಬ್ಬನ್ ಚೂರಾಗುತ್ತೆ. ಹಾಗಾಗಿ ಎಸ್ಕಾಂಗಳು ಖರೀದಿಸುವಾಗ ಉಳಿಯುವ ವಾಟ್‌ಗಳ ಪಕ್ಕದಲ್ಲೇ ರಿಪೇರಿಯ ಖರ್ಚು, ಅಷ್ಟು ದಿನ ನೀರಿಲ್ಲದೆ ಕಾಯುವ ರೈತನ ನಷ್ಟ, ಎರಡನ್ನೂ ಬರೆದುಕೊಳ್ಳಬೇಕು.