ಮಣ್ಣಿನ ಮನೆಗೆ ಸಿಮೆಂಟು ಬಳಿಯಬೇಡಿ

ತೋಟದ ಜತೆ ಹಳೇ ಮಣ್ಣಿನ ಮನೆಯೂ ಸಿಕ್ಕಿದರೆ ಹೆಚ್ಚಿನವರ ಮೊದಲ ಮಾತು, 'ಕೆಡವಿ ಮರ ಮಾರುವ.' ಇಲ್ಲವೇ, 'ಸಿಮೆಂಟು ಬಳಿಯುವ.' ಎರಡೂ ನಷ್ಟದ ಬಾಬ್ತೇ.

ಮಣ್ಣಿನ ಗೋಡೆ ನೆಲದ ತೇವ ಎಳೆಯುತ್ತದೆ, ಬಿಸಿಲಿಗೆ ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಇದಕ್ಕೆ ಅಡ್ಡಿಯಲ್ಲ. ಸಿಮೆಂಟು ಬಳಿದಿರೋ, ತೇವ ಒಳಗೇ ಉಳಿದು ಗೋಡೆಯೇ ಮೆತ್ತಗಾದೀತು.

ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಹೆಂಚಿನ ಮಾಡಿನ ಗುಣ ಇಂದಿಗೂ ಅದೇ: ಒಡೆದದ್ದನ್ನಷ್ಟೇ ಬದಲಿಸಿದರೆ ಸಾಕು. ಸೋರುವ ತಾರಸಿಗೆ ಇಷ್ಟು ಸುಲಭದ ಮದ್ದುಂಟೇ?

ಹಳೇ ಮನೆ ಕೊಳ್ಳುವವರು ಮಳೆಗಾಲದಲ್ಲೇ ಹೋಗಿ ನೋಡಿ. ಪಕ್ಕಾಸಿನ ತುದಿ, ಗೋಡೆಯ ಬುಡ ಕುಟ್ಟಿ ನೋಡಿ, ಗೆದ್ದಲು ಹುಡುಕಿ. ಗಟ್ಟಿಯಿದ್ದರೆ ಮನೆ ಉಳಿಸಿ. ಮರ ಮಾರಿದ ದುಡ್ಡು ಕರಗುತ್ತದೆ. ಅಂಥ ಮರ ಮತ್ತೆ ಸಿಗಲಿಕ್ಕಿಲ್ಲ.